ಡಬ್ಬದ ಮೇಲಿನ ದಪ್ಪ ಅಂಕಿ

ಎಂಟು ವರ್ಷದ ಹಿಂದಿನ ದೀಪಾವಳಿ. ಮೈಸೂರಿನ ಅಕ್ಕನ ಮಗನಿಗೆ ಆಗ ಹನ್ನೊಂದು. ಟಿವಿ ರಿಮೋಟು, ಮಿಕ್ಸಿ, ಗೋಡೆ ಗಡಿಯಾರ ಮೂರನ್ನೂ ಬಿಚ್ಚಿ, ಎರಡನ್ನು ಮಾತ್ರ ಮತ್ತೆ ಜೋಡಿಸಿಟ್ಟಿದ್ದ ಹುಡುಗ. "ಅವನಿಗೆ ಬಟ್ಟೆಗಿಟ್ಟೆ ತರಬೇಡ ಕಣೋ, ತಿರುಗಿಯೂ ನೋಡಲ್ಲ. ಅದೇನೋ ಸೈನ್ಸಿಂದು ಏನಾದ್ರೂ ತಾ" ಎಂದಿದ್ದಳು ಅಕ್ಕ. ನಾನು ಟೆಲಿಸ್ಕೋಪ್ ತೆಗೆದುಕೊಂಡು ಹೋದೆ. ಡಬ್ಬದ ಮೇಲೆ ಬಳೆ ತೊಟ್ಟ ಶನಿಗ್ರಹದ ಬಣ್ಣದ ಚಿತ್ರ. ಅದರ ಪಕ್ಕ ಹೆಬ್ಬೆರಳು ಗಾತ್ರದ ಅಕ್ಷರದಲ್ಲಿ '525 ಪಟ್ಟು'. ಅಂಗಡಿಯಲ್ಲಿ ಇದರ ಪಕ್ಕದಲ್ಲಿದ್ದ ಇನ್ನೊಂದರ ಮೇಲೆ ಪಟ್ಟಿನ ಸುದ್ದಿಯೇ ಇರಲಿಲ್ಲ, '114 ಮಿಮೀ' ಎಂದಷ್ಟೇ ಬರೆದಿತ್ತು. ಐನೂರ ಇಪ್ಪತ್ತೈದರ ಮುಂದೆ ನೂರ ಹದಿನಾಲ್ಕು ಯಾವ ಲೆಕ್ಕ ಎಂದುಕೊಂಡೆ. ವಿಜ್ಞಾನದ ಬಗ್ಗೆ ಬರೆಯುವವನು ಎಂದು ಹೇಳಿಕೊಳ್ಳುವ ಮನುಷ್ಯ ನಾನು!

ಅಮಾವಾಸ್ಯೆಯ ಹಬ್ಬಕ್ಕೆ ಟೆಲಿಸ್ಕೋಪ್ ಕೊಟ್ಟರೆ ಮೊದಲ ರಾತ್ರಿ ತೋರಿಸಲು ಚಂದ್ರನೇ ಇರುವುದಿಲ್ಲ ಎಂಬುದೂ ಹೊಳೆದಿರಲಿಲ್ಲ. ಪಟಾಕಿಯ ಹೊಗೆಯ ನಡುವೆ, ತಾರಸಿಯ ಮೇಲೆ, ತೆಂಗಿನಮರದ ಪಕ್ಕ ಹೊಳೆಯುತ್ತಿದ್ದ ಚುಕ್ಕಿಯೊಂದಕ್ಕೆ ಗುರಿಯಿಟ್ಟೆವು. ಅತಿ ಹೆಚ್ಚು ದೊಡ್ಡದಾಗಿಸುವ ಮಸೂರವನ್ನೇ ಹಾಕಿದ್ದೆವು, ಬೇರೆ ಯಾವುದನ್ನು ಹಾಕುವುದು? ಚುಕ್ಕಿ ಬಂತು, ನಡುಗಿತು, ಜಾರಿಹೋಯಿತು. ಮತ್ತೆ ಹಿಡಿದೆವು, ಮತ್ತೆ ಹೋಯಿತು. ಹುಡುಗ ಕಣ್ಣುಜ್ಜಿಕೊಂಡು, "ಮಾಮ, ಇದು ಬಚ್ಚಲ ಕಿಟಕಿಯ ಗಾಜಿನಲ್ಲಿ ನೋಡಿದ ಹಾಗಿದೆ" ಅಂದ. ನಿಜವಾಗಿಯೂ ಹಾಗೇ ಇತ್ತು.

ತಪ್ಪು ಎಲ್ಲಾಯಿತು ಎಂದು ಆಮೇಲೆ ಕೂತು ಲೆಕ್ಕ ಹಾಕಿದೆ. ಟೆಲಿಸ್ಕೋಪಿನ ವರ್ಧನೆ ಬಹಳ ಸುಲಭದ ಭಾಗಾಕಾರ. ಮುಂದಿನ ದೊಡ್ಡ ಮಸೂರದ ಸಂಗಮದೂರವನ್ನು ಕಣ್ಣಿನ ಬಳಿಯ ಪುಟ್ಟ ಮಸೂರದ, ಅಂದರೆ ಐಪೀಸಿನ, ಸಂಗಮದೂರದಿಂದ ಭಾಗಿಸಬೇಕು. ನಮ್ಮದು 700 ಮಿಮೀ ಕೊಳವೆ, 4 ಮಿಮೀ ಐಪೀಸ್. ಭಾಗಿಸಿದರೆ 175. ಡಬ್ಬದಲ್ಲಿ ಇನ್ನೊಂದು ಪ್ಲಾಸ್ಟಿಕ್ ಕೊಳವೆಯೂ ಇತ್ತು, ಬಾರ್ಲೋ ಮಸೂರ. ಅದು ಮೂರು ಪಟ್ಟು ಮಾಡುತ್ತದೆ. 175 ಗುಣಿಸು 3, ಸಿಕ್ಕಿತಲ್ಲ 525! ಗುಣಾಕಾರದಲ್ಲಿ ಮೋಸವಿಲ್ಲ. ಆದರೆ ಆ ಪುಟ್ಟ ಬಾರ್ಲೋ ಸೇರಿಸಲು ತಯಾರಕರಿಗೆ ಹೆಚ್ಚಿನ ಖರ್ಚೇನೂ ಇಲ್ಲ. ಬೇಕೆಂದರೆ ಐದು ಪಟ್ಟಿನದನ್ನು ಹಾಕಿ 875 ಎಂದೂ ಅಚ್ಚು ಹಾಕಿಸಬಹುದು.

ಖರ್ಚು ಬರುವುದು ಮುಂದಿನ ಮಸೂರದ ಅಗಲಕ್ಕೆ. ನಮ್ಮದರ ಅಗಲ 60 ಮಿಮೀ. ಕತ್ತಲಲ್ಲಿ ಪೂರ್ತಿ ಅರಳಿದ ಮನುಷ್ಯನ ಕಣ್ಣಪಾಪೆ ಸುಮಾರು 7 ಮಿಮೀ. ಬೆಳಕು ಒಳಬರುವುದು ವಿಸ್ತೀರ್ಣದ ಲೆಕ್ಕದಲ್ಲಿ, ಹಾಗಾಗಿ 60 ಮಿಮೀ ಮಸೂರ ಕಣ್ಣಿಗಿಂತ ಎಪ್ಪತ್ತಕ್ಕೂ ಹೆಚ್ಚು ಪಟ್ಟು ಬೆಳಕನ್ನು ಬಾಚುತ್ತದೆ. ನಾನು ಅಸಡ್ಡೆಯಿಂದ ಬಿಟ್ಟುಬಂದ 114 ಮಿಮೀ ಇದಕ್ಕಿಂತ ಮೂರೂವರೆ ಪಟ್ಟು ಜಾಸ್ತಿ. ಬೆಳಕಿನ ಜೊತೆಗೆ ವಿವರದ ಮಾತೂ ಇದೆ. ಬೆಳಕು ಅಲೆಯಾದ್ದರಿಂದ ಕಿಂಡಿಯ ಅಂಚಿನಲ್ಲಿ ಹರಡಿಕೊಳ್ಳುತ್ತದೆ. ಕಿಂಡಿ ಚಿಕ್ಕದಾದಷ್ಟೂ ಹರಡುವುದು ಜಾಸ್ತಿ, ಒತ್ತೊತ್ತಾಗಿರುವ ಎರಡು ಚುಕ್ಕಿಗಳು ಕಲಸಿಕೊಂಡು ಒಂದಾಗುತ್ತವೆ. ಹವ್ಯಾಸಿಗಳ ರೂಢಿಯ ಲೆಕ್ಕದಲ್ಲಿ ಮಸೂರದ ಪ್ರತಿ ಮಿಲಿಮೀಟರಿಗೆ ಹೆಚ್ಚೆಂದರೆ ಎರಡು ಪಟ್ಟು. ಅಂದರೆ 60 ಮಿಮೀಗೆ 120. ಅದರಾಚೆ ಎಳೆಯುವುದೆಂದರೆ ಬಲೂನಿನ ಮೇಲೆ ಬರೆದ ಹೆಸರನ್ನು ಊದಿ ದೊಡ್ಡದು ಮಾಡಿದ ಹಾಗೆ: ಅಕ್ಷರ ಹಿಗ್ಗುತ್ತದೆ, ಶಾಯಿ ತೆಳುವಾಗುತ್ತದೆ, ಇಲ್ಲದ ಅಕ್ಷರವೇನೂ ಹುಟ್ಟುವುದಿಲ್ಲ. ಚುಕ್ಕಿ ಜಾರಿಹೋಗುತ್ತಿದ್ದುದು ಭೂಮಿಯ ಕೆಲಸ. 525 ಪಟ್ಟಿನಲ್ಲಿ ಕಾಣುವ ಆಕಾಶದ ತುಣುಕು ಎಷ್ಟು ಚಿಕ್ಕದೆಂದರೆ, ಭೂಮಿ ತಿರುಗುವ ವೇಗಕ್ಕೆ ನಕ್ಷತ್ರ ಇಪ್ಪತ್ತು ಸೆಕೆಂಡಿನೊಳಗೆ ಅದನ್ನು ದಾಟಿಬಿಡುತ್ತದೆ.

ಗೆಲಿಲಿಯೊ 1610ರ ಜನವರಿಯಲ್ಲಿ ಗುರುವಿನ ಉಪಗ್ರಹಗಳನ್ನು ಕಂಡದ್ದು ಸುಮಾರು ಇಪ್ಪತ್ತು ಪಟ್ಟಿನ ಕೊಳವೆಯಲ್ಲಿ.

ಆ ದೀಪಾವಳಿಯಿಂದ ಈಚೆಗೆ ನನಗೊಂದು ಅಭ್ಯಾಸವಾಗಿದೆ. ತಂತ್ರಜ್ಞಾನದ ಹುಚ್ಚಿರುವವರಿಗೆ ಏನು ಕೊಳ್ಳಲು ಹೋದರೂ ಡಬ್ಬದ ಮೇಲೆ ದಪ್ಪಗೆ ಅಚ್ಚಾದ ಅಂಕಿಯನ್ನು ಮೊದಲು ಕೈಯಲ್ಲಿ ಮುಚ್ಚಿಕೊಳ್ಳುತ್ತೇನೆ. ಯಾವ ಅಂಕಿಯನ್ನು ಹೆಚ್ಚಿಸಿದರೆ ತಯಾರಕರ ಜೇಬಿಗೆ ನಿಜವಾಗಿ ಹೊರೆಯಾಗುತ್ತದೋ ಅದನ್ನು ಹುಡುಕುತ್ತೇನೆ. ಅದು ಸಾಮಾನ್ಯವಾಗಿ ಡಬ್ಬದ ಬೆನ್ನಿನ ಮೇಲೆ, ಕನ್ನಡಕ ಬೇಡುವ ಅಕ್ಷರದಲ್ಲಿರುತ್ತದೆ.

ಪವರ್ ಬ್ಯಾಂಕನ್ನೇ ನೋಡಿ. ಕಚೇರಿಗಳಲ್ಲಿ ಹಬ್ಬಕ್ಕೆ ಡ್ರೈಫ್ರೂಟ್ ಡಬ್ಬದ ಜೊತೆ ಈಗ ಇದೂ ಕೈಗೆ ಬರುತ್ತದೆ. ಮೇಲೆ '10,000 ಎಂಎಎಚ್' ಎಂದಿರುತ್ತದೆ. ಮಿಲಿ ಆಂಪಿಯರ್ ಅವರ್ ಎಂಬುದರ ಮೊಟಕು. ಫೋನಿನ ಬ್ಯಾಟರಿ 5,000, ಅಂದಮೇಲೆ ಎರಡು ಸಲ ತುಂಬಬೇಕು ತಾನೆ? ತುಂಬುವುದಿಲ್ಲ. ಸುಮಾರು ಒಂದೂವರೆ ಸಲಕ್ಕೆ ಮುಗಿಯುತ್ತದೆ. ಇಲ್ಲಿ ಸುಳ್ಳು ಹೇಳಿದವರು ಯಾರೂ ಇಲ್ಲ, ಅರ್ಧ ಹೇಳಿದ್ದಾರೆ ಅಷ್ಟೆ. ಎಂಎಎಚ್ ಎಂಬುದು ಎಷ್ಟು ವಿದ್ಯುದಾವೇಶ ಇದೆ ಎಂದು ಹೇಳುತ್ತದೆ, ಎಷ್ಟು ವೋಲ್ಟೇಜಿನಲ್ಲಿ ಎಂದು ಹೇಳುವುದಿಲ್ಲ. ನೀರಿನ ಲೆಕ್ಕದಲ್ಲಿ ಹೇಳುವುದಾದರೆ, ಕೊಡ ಎಷ್ಟು ಎಂದು ಗೊತ್ತಾಯಿತು, ತೊಟ್ಟಿ ಎಷ್ಟು ಎತ್ತರದಲ್ಲಿದೆ ಎಂದು ಗೊತ್ತಾಗಲಿಲ್ಲ.

ಒಳಗಿರುವ ಲಿಥಿಯಂ ಅಯಾನ್ ಕೋಶದ 'ಎತ್ತರ' ಸರಾಸರಿ 3.7 ವೋಲ್ಟ್. ಇದನ್ನು ಯಾವ ಕಂಪನಿಯೂ ತೀರ್ಮಾನಿಸಿದ್ದಲ್ಲ. ಗ್ರ್ಯಾಫೈಟಿನ ಪದರಗಳ ನಡುವೆ ಕೂತ ಲಿಥಿಯಂ, ಲೋಹದ ಆಕ್ಸೈಡಿನ ಪದರಗಳ ನಡುವೆ ಹೋಗಿ ಕೂತಾಗ ಎಷ್ಟು ಶಕ್ತಿ ಬಿಟ್ಟುಕೊಡುತ್ತದೆ ಎಂಬ ರಸಾಯನಶಾಸ್ತ್ರವೇ ಅದನ್ನು ನಿಗದಿ ಮಾಡಿದೆ. ಸೋನಿ ಕಂಪನಿ 1991ರಲ್ಲಿ ಮಾರುಕಟ್ಟೆಗೆ ತಂದ ಈ ಬಗೆಯ ಬ್ಯಾಟರಿಗೆ ದಾರಿ ಮಾಡಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೊಶಿನೊ ಮೂವರಿಗೆ 2019ರಲ್ಲಿ ನೊಬೆಲ್ ಬಂತು. ಗುಡ್‌ಇನಫ್ ಅವರಿಗೆ ಆಗ 97 ವರ್ಷ, ನೊಬೆಲ್ ಪಡೆದವರಲ್ಲೇ ಅತಿ ಹಿರಿಯರು. ಯುಎಸ್‌ಬಿ ಕಿಂಡಿ ಮಾಮೂಲಿಯಾಗಿ ಕೇಳುವುದು 5 ವೋಲ್ಟ್. 3.7 ಅಡಿ ಎತ್ತರದಲ್ಲಿರುವ ಹತ್ತು ಸಾವಿರ ಕೊಡ ನೀರಿನ ಶಕ್ತಿಯಿಂದ 5 ಅಡಿಗೆ ಏರಿಸಬಹುದಾದದ್ದು 7,400 ಕೊಡ ಮಾತ್ರ. ಏರಿಸುವ ಸರ್ಕ್ಯೂಟು ಬಿಸಿಯಾಗಿ ಕಳೆಯುವುದು ಒಂದಿಷ್ಟು, ಕೇಬಲ್ಲಿನಲ್ಲಿ ಒಂದಿಷ್ಟು. ಹಾಗಾಗಿ ಡಬ್ಬದ ಬೆನ್ನಿಗೆ ಸಣ್ಣಕ್ಷರದಲ್ಲಿ 'ರೇಟೆಡ್ ಕೆಪಾಸಿಟಿ' ಎಂದು ಆರು ಸಾವಿರದ ಆಸುಪಾಸಿನ ಅಂಕಿಯೊಂದು ಇರುತ್ತದೆ. ಆ ಸಾಲು ಇದ್ದರೆ ಸಂತೋಷಪಡಿ, ಅದನ್ನು ಅಚ್ಚು ಮಾಡಿದವರಿಗೆ ನಾಚಿಕೆ ಇದೆ ಎಂದರ್ಥ.

ವಿಮಾನ ಕಂಪನಿಗಳು ಎಂಎಎಚ್‌ಗೆ ಮರುಳಾಗುವುದಿಲ್ಲ, ವ್ಯಾಟ್ ಅವರ್ ಕೇಳುತ್ತವೆ. 10,000 ಎಂಎಎಚ್ ಎಂದರೆ 10 ಆಂಪಿಯರ್ ಅವರ್, ಗುಣಿಸು 3.7, ಒಟ್ಟು 37 ವ್ಯಾಟ್ ಅವರ್. ನೂರು ವ್ಯಾಟ್ ಅವರ್ ತನಕ ಕೈಚೀಲದಲ್ಲಿ ಒಯ್ಯಬಹುದು, ಚೆಕ್-ಇನ್ ಸಾಮಾನಿನಲ್ಲಿ ಎಷ್ಟು ಚಿಕ್ಕದನ್ನೂ ಇಡುವಂತಿಲ್ಲ. 160 ದಾಟಿದರೆ ಪ್ರಯಾಣಿಕರು ಒಯ್ಯುವ ಹಾಗೇ ಇಲ್ಲ. ಅಮೆರಿಕಕ್ಕೆ ಹಿಂತಿರುಗುವ ತಮ್ಮನಿಗೋ ಮಗಳಿಗೋ ಉಡುಗೊರೆ ಕಟ್ಟುವವರು ಇದನ್ನು ನೆನಪಿಡಬೇಕು.

ಇನ್ನು ಫುಟ್‌ಪಾತಿನಲ್ಲಿ '50,000 ಎಂಎಎಚ್' ಎಂದು ಅಂಗೈಯಗಲದ ಪವರ್ ಬ್ಯಾಂಕ್ ಸಿಗುತ್ತದಲ್ಲ, ಅದನ್ನು ಬಯಲು ಮಾಡಲು ತರಕಾರಿ ತಕ್ಕಡಿ ಸಾಕು. ಒಳ್ಳೆಯ ಲಿಥಿಯಂ ಕೋಶ ಕೂಡ ಗ್ರಾಮಿಗೆ ಕಾಲು ವ್ಯಾಟ್ ಅವರ್‌ನಷ್ಟು ಶಕ್ತಿ ಹಿಡಿಯುತ್ತದೆ. ಐವತ್ತು ಸಾವಿರವೆಂದರೆ 185 ವ್ಯಾಟ್ ಅವರ್. ಕೋಶಗಳೇ ಮುಕ್ಕಾಲು ಕೇಜಿಯ ಹತ್ತಿರ ತೂಗಬೇಕು. ಕೈಗೆ ಹಗುರವಾಗಿದ್ದರೆ ಅಂಕಿ ಸುಳ್ಳು. ಪವರ್ ಬ್ಯಾಂಕುಗಳಿಗೆ ನಮ್ಮಲ್ಲಿ ಬಿಐಎಸ್ ನೋಂದಣಿ ಕಡ್ಡಾಯ. 'ಆರ್' ಅಕ್ಷರದ ಮುಂದೆ ಎಂಟು ಅಂಕಿ ಇರುವ ಸಂಖ್ಯೆಯನ್ನು 'ಬಿಐಎಸ್ ಕೇರ್' ಆ್ಯಪಿನಲ್ಲಿ ಹಾಕಿದರೆ ಯಾರ ಹೆಸರಿನದು ಎಂದು ತೋರಿಸುತ್ತದೆ. ಅಂಗಡಿಯಲ್ಲೇ ನಿಂತು ನೋಡಿ, ಸಂಕೋಚ ಬೇಡ. ಇದು ಬೆಂಕಿ ಹತ್ತಬಲ್ಲ ವಸ್ತು.

ಪೆನ್‌ಡ್ರೈವಿನದು ಇನ್ನೂ ಸೊಗಸಾದ ಕಥೆ. ಕೆಲವೇ ನೂರು ರೂಪಾಯಿಗೆ '2 ಟಿಬಿ' ಎಂದು ಮಾರುವುದನ್ನು ಕಂಪ್ಯೂಟರಿಗೆ ಹಾಕಿದರೆ 2 ಟಿಬಿ ಎಂದೇ ತೋರಿಸುತ್ತದೆ! ಹೇಗೆ? ನೆನಪಿನ ಚಿಪ್ಪಿನ ಪಕ್ಕದಲ್ಲಿ ಕೂತ ನಿಯಂತ್ರಕ ಚಿಪ್ಪಿಗೆ ಸುಳ್ಳು ಹೇಳಲು ಕಲಿಸಿರುತ್ತಾರೆ. ಒಳಗಿರುವುದು 32 ಜಿಬಿ ಇದ್ದರೂ ಎರಡು ಸಾವಿರ ಎಂದು ವರದಿ ಒಪ್ಪಿಸುತ್ತದೆ. ಜಾಗ ಮುಗಿದ ಮೇಲೂ ಬರೆದುಕೊಂಡಂತೆ ನಟಿಸುತ್ತದೆ, ಇಲ್ಲವೇ ಹಳೆಯದರ ಮೇಲೆಯೇ ಬರೆಯುತ್ತದೆ. ಫೋಟೋಗಳ ಹೆಸರಿನ ಪಟ್ಟಿ ಸರಿಯಾಗಿರುತ್ತದೆ, ತೆರೆಯಲು ಹೋದರೆ ತೆರೆಯುವುದಿಲ್ಲ. ಎಫ್3, ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶಗಳು ಡ್ರೈವನ್ನು ಪೂರ್ತಿ ತುಂಬಿಸಿ, ಮತ್ತೆ ಓದಿ, ಕಳ್ಳನನ್ನು ಹಿಡಿದುಕೊಡುತ್ತವೆ. ಇದರ ಜೊತೆ ಗೊಂದಲ ಮಾಡಿಕೊಳ್ಳಬಾರದ ಇನ್ನೊಂದಿದೆ. ಅಸಲಿ 1 ಟಿಬಿ ಡಿಸ್ಕು ಕೂಡ ವಿಂಡೋಸಿನಲ್ಲಿ 931 ಜಿಬಿ ಎಂದೇ ಕಾಣುತ್ತದೆ. ಅದು ಮೋಸವಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1,024ರ ಲೆಕ್ಕದಲ್ಲಿ.

ಟೈಪ್-ಸಿ ಕೇಬಲ್ಲುಗಳ ವಿಷಯ ಚುಟುಕಾಗಿ ಮುಗಿಸುತ್ತೇನೆ, ಏಕೆಂದರೆ ಅದು ಎಲ್ಲರ ತಲೆ ತಿನ್ನುವ ವಿಷಯ. ಆಕಾರ ಒಂದೇ ಇದ್ದರೂ ಒಳಗಿನ ತಾಮ್ರ ಬೇರೆಬೇರೆ. ಮಾಮೂಲಿ ಕೇಬಲ್ಲು 3 ಆಂಪಿಯರ್, ಅಂದರೆ 60 ವ್ಯಾಟ್ ತನಕ ಹೊರುತ್ತದೆ. ಅದಕ್ಕಿಂತ ಹೆಚ್ಚು ಬೇಕಾದರೆ 'ನಾನು 5 ಆಂಪಿಯರ್ ತಡೆಯಬಲ್ಲೆ' ಎಂದು ಚಾರ್ಜರಿಗೆ ಹೇಳುವ ಪುಟ್ಟ ಚಿಪ್ಪು ಕೇಬಲ್ಲಿನಲ್ಲೇ ಇರಬೇಕು. ದೊಡ್ಡ ಲ್ಯಾಪ್‌ಟಾಪ್ ಇರುವವರಿಗೆ ಕೊಡುವುದಾದರೆ 100 ಅಥವಾ 240 ವ್ಯಾಟ್ ಎಂದು ಬರೆದದ್ದನ್ನು ನೋಡಿ ಕೊಡಿ. ಒಳ್ಳೆಯ ಕೇಬಲ್ಲು ಬೇಡ ಎಂದ ಟೆಕ್ಕಿಯನ್ನು ನಾನಂತೂ ನೋಡಿಲ್ಲ.

ದಪ್ಪ ಅಂಕಿಯೇ ಇಲ್ಲದ ಉಡುಗೊರೆಯೂ ಇದೆ. ಐಐಟಿ ಕಾನ್ಪುರದಲ್ಲಿ ಓದಿ ಈಗ ಸ್ಟ್ಯಾನ್‌ಫರ್ಡ್‌ನಲ್ಲಿರುವ ಮನು ಪ್ರಕಾಶ್ ಮತ್ತು ಅವರ ತಂಡ 2014ರಲ್ಲಿ ಪ್ರಕಟಿಸಿದ ಫೋಲ್ಡ್‌ಸ್ಕೋಪ್ ಅಂಥದ್ದು. ಕಾಗದದ ಹಾಳೆಯನ್ನು ಗುರುತಿನಂತೆ ಮಡಚಿ ಮಾಡಿಕೊಳ್ಳುವ ಸೂಕ್ಷ್ಮದರ್ಶಕ. ಸಾಸಿವೆ ಕಾಳಿನಂಥ ಪುಟ್ಟ ಮಸೂರವೇ ಅದರ ಜೀವ. ವರ್ಧನೆ 140 ಪಟ್ಟು, ಸುಮಾರು ಎರಡು ಮೈಕ್ರಾನ್ ಅಂತರದ ವಿವರ ಬಿಡಿಸಿ ತೋರಿಸುತ್ತದೆ. ನಮ್ಮ ಕೆಂಪು ರಕ್ತಕಣ ಏಳೆಂಟು ಮೈಕ್ರಾನ್ ಇದೆ ಎಂದರೆ ಅದೆಷ್ಟು ಎಂದು ಅಂದಾಜಾಗುತ್ತದೆ. ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ಹದಿನೇಳನೇ ಶತಮಾನದಲ್ಲಿ ಸೂಕ್ಷ್ಮಜೀವಿಗಳನ್ನು ಕಂಡದ್ದೂ ಇಂಥದ್ದೇ ಒಂಟಿ ಮಸೂರದಲ್ಲಿ. ಇಲ್ಲಿ 140 ಎಂಬ ಅಂಕಿ ಪೂರ್ತಿ ಕೆಲಸಕ್ಕೆ ಬರುತ್ತದೆ. ದಾಸವಾಳದ ಪರಾಗ ಅದರಲ್ಲಿ ಮುಳ್ಳುಮುಳ್ಳಿನ ಚೆಂಡಾಗಿ ಕಾಣುತ್ತದೆ, ಚಿಟ್ಟೆಯ ರೆಕ್ಕೆಯ ಪುಡಿ ಹೆಂಚು ಹೊದಿಸಿದ ಮಾಡಿನ ಹಾಗೆ.

ಅಕ್ಕನ ಮಗನಿಗೆ ಅದನ್ನು ಕೊಟ್ಟ ವರ್ಷ ಮನೆಯ ನೀರಿನ ತೊಟ್ಟಿ ತೊಳೆಸುವ ತನಕ ಅವನು ನೀರು ಕುಡಿಯಲಿಲ್ಲ. ಅಕ್ಕ ನನ್ನನ್ನು ಬೈದಳು. ನನ್ನ ಲೆಕ್ಕದಲ್ಲಿ ನಾನು ಕೊಟ್ಟದ್ದರಲ್ಲೆಲ್ಲ ಅದೇ ಒಳ್ಳೆಯದು.

ಈಗ ಅವನು ಇಂಜಿನಿಯರಿಂಗ್ ಓದುತ್ತಾನೆ. ರಾಸ್ಪ್‌ಬೆರಿ ಪೈ, ಆರ್ಡುಯಿನೊ ಎಲ್ಲ ಅವನ ಡ್ರಾಯರಿನಲ್ಲೇ ಇವೆ, ನಾನು ಊಹಿಸಿ ತಂದರೆ ಮೂರನೆಯದಾಗುತ್ತದೆ. ಹಾಗಾಗಿ ಹೋದ ವರ್ಷ ಬೆಂಗಳೂರಿಗೆ ಕರೆಸಿಕೊಂಡು ಎಸ್.ಪಿ. ರೋಡಿಗೆ ಕರೆದುಕೊಂಡು ಹೋದೆ. ಬಜೆಟ್ ಹೇಳಿ ಹಿಂದೆ ನಡೆದೆ. ಸೆನ್ಸರು, ಮೋಟಾರು, ಬೆಸುಗೆಯ ತಂತಿ ಎಂದು ಹತ್ತು ಅಂಗಡಿ ಸುತ್ತಿಸಿದ, ನಡುವೆ ಒಂದು ದೋಸೆ.

ಆ 60 ಮಿಮೀ ಟೆಲಿಸ್ಕೋಪ್ ಈಗಲೂ ಮೈಸೂರಿನ ತಾರಸಿಯಲ್ಲಿ ಕೆಲಸ ಮಾಡುತ್ತಿದೆ. ಬಾರ್ಲೋವನ್ನೂ 4 ಮಿಮೀಯನ್ನೂ ಎತ್ತಿಟ್ಟು, ಡಬ್ಬದಲ್ಲೇ ಇದ್ದ 20 ಮಿಮೀ ಐಪೀಸ್ ಹಾಕಿದ್ದಾನೆ. 35 ಪಟ್ಟು. ಅದರಲ್ಲಿ ಶನಿಯ ಬಳೆ ಚಿಕ್ಕದಾಗಿ, ಚೂಪಾಗಿ ಕಾಣುತ್ತದೆ. ನಿಮ್ಮ ಮನೆಯ ಅಟ್ಟದಲ್ಲೂ ಇಂಥದೊಂದು ಇದ್ದರೆ ಕೆಳಗಿಳಿಸಿ, ಬಲಿಪಾಡ್ಯಮಿ ಕಳೆದು ಆರೇಳನೆಯ ಸಂಜೆ ಚಂದ್ರನ ಬೆಳಕು ಕತ್ತಲು ಕೂಡುವ ಗೆರೆಗೆ ಗುರಿಯಿಡಿ. ಹುಣ್ಣಿಮೆಯಂದು ಮಾಯವಾಗುವ ಕುಳಿಗಳ ನೆರಳು ಆಗ ಉದ್ದಕ್ಕೆ ಬಿದ್ದಿರುತ್ತದೆ. ಹಗಲಲ್ಲಿ ಮಾತ್ರ ಅದನ್ನು ಸೂರ್ಯನ ಕಡೆ ತಿರುಗಿಸಬೇಡಿ. ಐಪೀಸಿಗೆ ತಿರುಗಿಸಿ ಹಾಕುವ ಕಪ್ಪು ಗಾಜಿನ ಬಿಲ್ಲೆಯೊಂದನ್ನು 'ಸನ್ ಫಿಲ್ಟರ್' ಎಂದು ಕೆಲವು ಡಬ್ಬಗಳಲ್ಲಿ ಹಾಕಿರುತ್ತಾರೆ. ಬಿಸಿಗೆ ಅದು ಸಿಡಿದರೆ ಕಣ್ಣು ಹೋಗುತ್ತದೆ. ಉಡುಗೊರೆಗೆ ಕಾಗದ ಸುತ್ತುವ ಮೊದಲು ಅದನ್ನು ತೆಗೆದು ಬಿಸಾಡಿ.