ಬೆನ್ನ ಮೇಲೆ ನಾಲ್ಕು ಓಮ್, ಮೀಟರಿನಲ್ಲಿ ಮೂರೂವರೆ

ಕಾರಿನ ಡಿಕ್ಕಿಯಲ್ಲಿ ಕೂರುವ ಸಬ್‌ವೂಫರಿನ ಬೆನ್ನ ಮೇಲೆ ‘4 ಓಮ್’ ಎಂದು ಮುದ್ರಿಸಿರುತ್ತಾರೆ. ವೈರು ಬಿಚ್ಚಿ ಮಲ್ಟಿಮೀಟರ್ ಹಿಡಿದರೆ ಕಾಣುವುದು ಮಾತ್ರ 3.4 ಅಥವಾ 3.6. ಮಾಲು ನಕಲಿಯೆಂಬ ಅನುಮಾನ ಹುಟ್ಟುವುದು ಇಲ್ಲೇ. ಮಾಲೂ ಸರಿಯಿದೆ, ಮೀಟರೂ ಸರಿಯಿದೆ. ಆದರೆ ಎರಡೂ ಹೇಳುತ್ತಿರುವುದು ಬೇರೆ ಬೇರೆ ಸಂಗತಿ.

ಮೀಟರು ತನ್ನ ಪುಟ್ಟ ಬ್ಯಾಟರಿಯಿಂದ ಒಂದಿಷ್ಟು ನೇರ ವಿದ್ಯುತ್ತನ್ನು ಸಬ್‌ವೂಫರಿನೊಳಗಿನ ತಂತಿ ಸುರುಳಿಗೆ ಹರಿಸುತ್ತದೆ. ಅದಕ್ಕೆ ಎದುರಾಗುವುದು ತಂತಿಯ ರೋಧವಷ್ಟೇ. ಸಂಗೀತವಾದರೋ ಸೆಕೆಂಡಿಗೆ ಹತ್ತಾರು ಸಲ ದಿಕ್ಕು ಬದಲಿಸುವ ಪರ್ಯಾಯ ವಿದ್ಯುತ್ತು. ಆಗ ಸುರುಳಿ ಅಯಸ್ಕಾಂತದ ನಡುವೆ ಹಿಂದೆ ಮುಂದೆ ಓಡಾಡುತ್ತದೆ. ಓಡಾಡುವ ಸುರುಳಿ ತಾನೇ ಒಂದು ಡೈನಮೋ ಆಗಿ, ಬರುತ್ತಿರುವ ಕರೆಂಟಿಗೆ ಎದುರಾಗಿ ವೋಲ್ಟೇಜ್ ಹುಟ್ಟಿಸುತ್ತದೆ. ತಂತಿಯ ರೋಧ, ಕರೆಂಟಿನ ಏರಿಳಿತವನ್ನು ತಡೆಯುವ ಸುರುಳಿಯ ಪ್ರೇರಕತ್ವ, ಈ ಎದುರು ವೋಲ್ಟೇಜ್ ಮೂರೂ ಸೇರಿ ಒಡ್ಡುವ ತಡೆಯೇ ಇಂಪೀಡೆನ್ಸ್. 1886ರಲ್ಲಿ ಈ ಹೆಸರಿಟ್ಟವರು ಆಲಿವರ್ ಹೆವಿಸೈಡ್.

ಹಾಗಾಗಿ ಇಂಪೀಡೆನ್ಸ್ ಒಂದೇ ಅಂಕಿಯಲ್ಲ, ಅದೊಂದು ಏರಿಳಿಯುವ ಗೆರೆ. ಸಬ್‌ವೂಫರಿನ ಸಹಜ ಕಂಪನ 30 ಹರ್ಟ್ಸ್ ಎಂದುಕೊಳ್ಳಿ. ಆ ಸ್ವರದಲ್ಲಿ ಸುರುಳಿಗೆ ಅಂಟಿದ ಕೋನ್ ಚೂರೇ ಕರೆಂಟಿಗೆ ಜೋರಾಗಿ ತೂಗಾಡುತ್ತದೆ, ಎದುರು ವೋಲ್ಟೇಜೂ ಅಷ್ಟೇ ಜೋರು. ನಾಲ್ಕು ಓಮಿನ ಸಬ್‌ವೂಫರು ಅಲ್ಲಿ ನಲವತ್ತು ಓಮ್ ತೋರಿಸಿದರೂ ಆಶ್ಚರ್ಯವಿಲ್ಲ. ಮೇಲಿನ ಸ್ವರಗಳಿಗೆ ಹೋದಂತೆ ನಾಲ್ಕರ ಆಸುಪಾಸಿಗೆ ಇಳಿದು, ಪ್ರೇರಕತ್ವದಿಂದಾಗಿ ಮತ್ತೆ ಏರುತ್ತದೆ. ಈ ಗೆರೆ ಅಚ್ಚಾದ ಅಂಕಿಯ ಶೇ. 80ಕ್ಕಿಂತ, ಅಂದರೆ ಇಲ್ಲಿ 3.2 ಓಮಿಗಿಂತ, ಕೆಳಗಿಳಿಯಬಾರದೆಂಬುದು ಅಂತರರಾಷ್ಟ್ರೀಯ ಮಾನದಂಡ.

ಗೆರೆಯನ್ನು ಮನೆಯಲ್ಲೇ ಅಳೆಯಬಹುದು. ಆಂಪ್ಲಿಫೈಯರ್ ಮತ್ತು ಸಬ್‌ವೂಫರಿನ ನಡುವೆ ಸರಣಿಯಲ್ಲಿ 10 ಓಮಿನ ರೆಸಿಸ್ಟರ್ ಹಾಕಿ, ಫೋನಿನಿಂದ ಒಂದೊಂದೇ ಸ್ವರವನ್ನು ಸಣ್ಣ ವಾಲ್ಯೂಮಿನಲ್ಲಿ ನುಡಿಸಿ. ಎರಡರಲ್ಲೂ ಹರಿಯುವುದು ಒಂದೇ ಕರೆಂಟು. ರೆಸಿಸ್ಟರಿನ ಮೇಲೆ 1 ವೋಲ್ಟ್, ಸಬ್‌ವೂಫರಿನ ಮೇಲೆ 0.4 ವೋಲ್ಟ್ ಸಿಕ್ಕರೆ ಇಂಪೀಡೆನ್ಸ್ 4 ಓಮ್. ಒಂದರ ಮೇಲೆ 0.3, ಇನ್ನೊಂದರ ಮೇಲೆ 1.2 ಸಿಕ್ಕರೆ 40 ಓಮ್.

ಈ ಅಳತೆಯ ನಿಜವಾದ ಸೊಗಸು ಸಬ್‌ವೂಫರನ್ನು ಡಬ್ಬಿಗೆ ಕೂರಿಸಿದ ಮೇಲೆ ತೆರೆದುಕೊಳ್ಳುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಗೆರೆಯ ಶಿಖರ ಮೇಲಿನ ಸ್ವರದ ಕಡೆಗೆ ಸರಿಯುತ್ತದೆ. ಗಾಳಿ ಕೊಳವೆಯಿರುವ ಡಬ್ಬಿಯಲ್ಲಿ ಶಿಖರ ಎರಡಾಗಿ, ನಡುವೆ ಕಣಿವೆ ಬೀಳುತ್ತದೆ. ಆ ಕಣಿವೆಯ ತಳವೇ ಡಬ್ಬಿ ಶ್ರುತಿಗೊಂಡಿರುವ ಸ್ವರ. ಬಡಗಿ 35 ಹರ್ಟ್ಸ್ ಎಂದು ಹೇಳಿ ಕೊಟ್ಟ ಡಬ್ಬಿ ನಿಜಕ್ಕೂ 35ಕ್ಕೆ ಕೂತಿದೆಯೇ ಎಂಬುದನ್ನು ಮೈಕ್ರೋಫೋನಿಲ್ಲದೆಯೇ ಹೇಳಬಹುದು. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ, ಆಮೇಲೆ ಎಪ್ಪತ್ತರ ದಶಕದಲ್ಲಿ ಸಿಡ್ನಿ ವಿಶ್ವವಿದ್ಯಾಲಯದಲ್ಲಿದ್ದ ರಿಚರ್ಡ್ ಸ್ಮಾಲ್, ಇಂಥ ವಿದ್ಯುತ್ ಅಳತೆಗಳಿಂದಲೇ ಡಬ್ಬಿಯ ಗಾತ್ರ ಲೆಕ್ಕಹಾಕುವ ದಾರಿ ತೋರಿಸಿದರು. ಇಂದಿನ ಡಬ್ಬಿ ವಿನ್ಯಾಸದ ತಂತ್ರಾಂಶಗಳೆಲ್ಲ ಅವರ ಸೂತ್ರಗಳ ಮೇಲೆಯೇ ನಿಂತಿವೆ.

ಹಾಗೆಂದು ಮೀಟರಿನ ಆ ಮೂರೂವರೆ ದಂಡವಲ್ಲ. ಕಾರಿನಲ್ಲಿ ಸಿಗುವುದು ಎಂಜಿನ್ ಓಡುವಾಗಲೂ ಹೆಚ್ಚುಕಡಿಮೆ 14.4 ವೋಲ್ಟ್ ಮಾತ್ರ. ಅದನ್ನು ಹಾಗೆಯೇ ಬಳಸಿದರೆ 4 ಓಮಿಗೆ ಹೆಚ್ಚೆಂದರೆ 26 ವ್ಯಾಟ್ ದಕ್ಕುತ್ತದೆ. ಆದ್ದರಿಂದ ಆಂಪ್ಲಿಫೈಯರಿನೊಳಗೆ ವೋಲ್ಟೇಜ್ ಏರಿಸುತ್ತಾರೆ, ಜೊತೆಗೆ ಸುರುಳಿಗಳನ್ನು ಸಮಾಂತರವಾಗಿ ಜೋಡಿಸಿ ಓಮ್ ಇಳಿಸುತ್ತಾರೆ. 2 ಓಮಿನವರೆಗಷ್ಟೇ ತಾಳುವ ಆಂಪಿಗೆ 1 ಓಮ್ ಕಟ್ಟಿದರೆ ಅದು ಕಾದು ಬಂದ್ ಆಗುತ್ತದೆ, ದುರದೃಷ್ಟವಿದ್ದರೆ ಸುಟ್ಟೇ ಹೋಗುತ್ತದೆ. ಅದಕ್ಕೇ ವೈರನ್ನು ಆಂಪಿಗೆ ಸಿಕ್ಕಿಸುವ ಮೊದಲು ಅದರ ತುದಿಯಲ್ಲಿ ಮೀಟರ್ ಹಿಡಿಯಬೇಕು. 4 ಓಮಿನ ಎರಡು ಸುರುಳಿಗಳು ಸಮಾಂತರದಲ್ಲಿದ್ದರೆ 1.8ರ ಸುತ್ತಮುತ್ತ ಬರಬೇಕು. 3.5 ಬಂದರೆ ಒಂದು ಸುರುಳಿ ಕಡಿದಿದೆ ಅಥವಾ ಅದರ ಜೋಡಣೆ ಬಿಟ್ಟಿದೆ, ಸೊನ್ನೆ ಬಂದರೆ ಶಾರ್ಟ್.

ಇಷ್ಟು ಚಿಕ್ಕ ಅಂಕಿಗಳಲ್ಲಿ ಮೀಟರಿನ ವೈರುಗಳದೇ 0.2 ಓಮ್ ಸೇರಿಕೊಂಡು ದಾರಿ ತಪ್ಪಿಸುತ್ತದೆ. ಮೊದಲು ಎರಡು ಮೊನೆಗಳನ್ನು ತಾಕಿಸಿ ನೋಡಿ, ಅದನ್ನು ಕಳೆಯಿರಿ. ಅಳೆಯುವಾಗ ಕೋನನ್ನು ಮುಟ್ಟಬೇಡಿ, ಅಲುಗಿದರೆ ಡೈನಮೋ ಎದ್ದು ಅಂಕಿ ಕುಣಿಯುತ್ತದೆ. ಜೋರಾಗಿ ಹಾಡು ಹಾಕಿದ ಕೂಡಲೇ ಅಳೆಯುವುದೂ ಬೇಡ. ತಾಮ್ರದ ರೋಧ ಪ್ರತಿ ಡಿಗ್ರಿ ಬಿಸಿಗೆ ಸುಮಾರು ಶೇ. 0.39 ಏರುತ್ತದೆ. ಸುರುಳಿ ನೂರು ಡಿಗ್ರಿ ಹೆಚ್ಚು ಕಾದರೆ ಅದೇ ಮೂರೂವರೆ 4.9 ಆಗಿರುತ್ತದೆ.