ನಿಮಗಿದು ಗೊತ್ತೆ? 21ನೇ ವಿಧಿ ಮತ್ತು ಮಂಗಳೂರಿನ ರಾವ್
ನ್ಯಾಯಾಲಯದಲ್ಲಿ ಜಾಮೀನಿಗೆ ವಾದಿಸುವ ವಕೀಲರು ಮುಂದಿಡುವ, ಜೀವ ಮತ್ತು ಸ್ವಾತಂತ್ರ್ಯವನ್ನು ಕಾಯುವ ಸಂವಿಧಾನದ 21ನೇ ವಿಧಿಯ ಹಿಂದೆ ಮಂಗಳೂರಿನವರೊಬ್ಬರ ಅಮೆರಿಕ ಪ್ರವಾಸವಿದೆ. ಜೀವ, ಸ್ವಾತಂತ್ರ್ಯ, ಆಸ್ತಿ ಮನುಷ್ಯನ ಹುಟ್ಟುಹಕ್ಕು ಎಂದವನು ಇಂಗ್ಲಿಷ್ ತತ್ವಜ್ಞಾನಿ ಜಾನ್ ಲಾಕ್. ನ್ಯಾಯಯುತ ಕ್ರಮವಿಲ್ಲದೆ ಇವನ್ನು ಕಸಿಯುವಂತಿಲ್ಲ ಎಂದಿತು ಅಮೆರಿಕ ಸಂವಿಧಾನದ 1791ರ ಐದನೇ ತಿದ್ದುಪಡಿ. ನಮ್ಮ ಸಂವಿಧಾನದ ಕರಡಿನಲ್ಲೂ ಮೊದಲು ಇಂಥದೇ ಮಾತಿತ್ತು. ಸಂವಿಧಾನ ಸಲಹೆಗಾರ ಬೆನಗಲ್ ನರಸಿಂಗ ರಾವ್ 1947ರಲ್ಲಿ ಅಮೆರಿಕಕ್ಕೆ ಹೋದಾಗ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಎಚ್ಚರಿಸಿದರು: ಇಂಥ ಮಾತಿನ ಬಲದಿಂದ ಜನಪ್ರತಿನಿಧಿಗಳ ಕಾನೂನನ್ನು ಕೆಲವೇ ನ್ಯಾಯಾಧೀಶರು ತಳ್ಳಿಹಾಕುವುದು ಪ್ರಜಾಪ್ರಭುತ್ವಕ್ಕೆ ಒಪ್ಪದು. ಕರಡು ಬದಲಾಯಿತು, ಕಾನೂನು ವಿಧಿಸಿದ ಪ್ರಕ್ರಿಯೆ ಇದ್ದರೆ ಸಾಕೆಂದಾಯಿತು. ಪ್ರಜೆಯ ಪಾಲಿಗೆ ಅದು ನಷ್ಟವೇ. ಆದರೆ 1978ರಲ್ಲಿ ಮೇನಕಾ ಗಾಂಧಿ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟು, ಆ ಪ್ರಕ್ರಿಯೆ ನ್ಯಾಯಯುತವೂ ಆಗಿರಬೇಕು ಎಂದಿತು.