ನಿಮಗಿದು ಗೊತ್ತೆ? ಮಾದಪ್ಪನ ಹರಕೆಯ ಹುಡುಗರು

● ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಮಲೆ ಮಹದೇಶ್ವರನ, ಅಂದರೆ ಮಾದಪ್ಪನ, ಒಕ್ಕಲುಗಳಲ್ಲಿ ಮಗನನ್ನು ಆತನ ‘ಗುಡ್ಡ’ನಾಗಿ (ದೀಕ್ಷೆ ಪಡೆದ ಭಕ್ತನಾಗಿ) ಒಪ್ಪಿಸುವ ಹರಕೆ ಪರಂಪರೆಯಿಂದ ಬಂದಿದೆ. ಗುರುವಿನಿಂದ ದೀಕ್ಷೆ ಪಡೆದ ಹುಡುಗನಿಗೆ ರುದ್ರಾಕ್ಷಿ, ಜೋಳಿಗೆ, ಕಂಸಾಳೆಯ ಜೊತೆಗೆ ನೇಮನಿಷ್ಠೆಯ ಹೊಣೆಯೂ ಬರುತ್ತದೆ.

● ಕಂಸಾಳೆ ಒಂದು ಜೋಡಿ ಕಂಚಿನ ತಾಳ. ಬಟ್ಟಲಿನಂಥದ್ದು ಎಡಗೈಯಲ್ಲಿ, ದಾರ ಕಟ್ಟಿದ ಚಪ್ಪಟೆ ತಾಳ ಬಲಗೈಯಲ್ಲಿ. ಕುಳಿತು ಹಾಡುವ ಮೇಳಕ್ಕೆ ದಮ್ಮಡಿ, ಏಕತಾರಿ ವಾದ್ಯಗಳು ಜೊತೆಯಾಗುತ್ತವೆ.

● ಬೀಸು ಕಂಸಾಳೆಯಲ್ಲಿ ತರುಣರು ತಾಳ ಬೀಸುತ್ತಾ ಕುಣಿಯುತ್ತಾರೆ. ಒಬ್ಬನ ಲಯ ತಪ್ಪಿದರೆ ಪಕ್ಕದವನಿಗೆ ಪೆಟ್ಟು. ಆದ್ದರಿಂದ ಕಸುವಿನಷ್ಟೇ ಶಿಸ್ತೂ ಬೇಕು.

  

● ಮಾದಪ್ಪನ ಕಥೆ ಹೇಳುವ ಮಹಾಕಾವ್ಯ ಇಂದಿಗೂ ಉಳಿದಿರುವುದು ಈ ಗುಡ್ಡರ ಕಂಠದಲ್ಲಿ. ಹರೆಯದ ಹುರುಪನ್ನು ಉಪದ್ರವವೆಂದು ಗದರದೆ, ಅದಕ್ಕೊಂದು ಕಲೆ, ಒಬ್ಬ ಗುರು, ಒಂದು ಹೊಣೆ ಕೊಟ್ಟ ಹಳ್ಳಿಗಳ ವಿವೇಕ ದೊಡ್ಡದು. ನಿಮ್ಮೂರಿನ ಹುಡುಗರಿಗೂ ಕಂಸಾಳೆ ಕಲಿಯುವ ಅವಕಾಶ ಕಲ್ಪಿಸಿ.